ಗೋಡೆಯ ಮುಂದೆ ಸ್ಟೂಲು

ಆ ಗಣಿಯಲ್ಲಿ ಗೋಡೆ ಕಟ್ಟುವವರಿಗೆ ಒಂದು ವಾಡಿಕೆ ಇತ್ತು. ಹೊಸ ಗೋಡೆಯ ಹಿಂದೆ ಮೊದಲ ಸಲ ಗಂಜಿ ಬೀಳುವ ದಿನ ಮೇಸ್ತ್ರಿಯಾದವನು ಅದರ ಎದುರಿಗೇ ಸ್ಟೂಲು ಹಾಕಿಕೊಂಡು, ಡಬ್ಬಿ ಬಿಚ್ಚಿ ಊಟ ಮಾಡಬೇಕು. ಗೋಡೆ ನಿಲ್ಲುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಯಾಕೆ ಬೇಕು? ಇದನ್ನು ಯಾರು ಶುರು ಮಾಡಿದರೋ ಯಾರಿಗೂ ತಿಳಿಯದು. ಬುದ್ಧಿಗಿಂತ ಹಟ ಜಾಸ್ತಿ ಇದ್ದವನೇ ಇರಬೇಕು.

ಗಂಜಿ ಎಂದರೆ ಕುಡಿಯುವ ಗಂಜಿಯಲ್ಲ. ಅದಿರು ತೆಗೆದ ಮೇಲೆ ನೆಲದೊಳಗೆ ಮಹಡಿ ಮನೆಗಳನ್ನು ನುಂಗುವಷ್ಟು ದೊಡ್ಡ ಪೊಳ್ಳು ಉಳಿಯುತ್ತದೆ. ಹಾಗೇ ಬಿಟ್ಟರೆ ಸುತ್ತಲಿನ ಬಂಡೆ ಕುಸಿಯುತ್ತದೆ. ಅದಕ್ಕೇ ಕಲ್ಲುಪುಡಿ, ಸಿಮೆಂಟು, ನೀರು ಕಲಸಿ, ಮೇಲಿನಿಂದ ಕೊಳವೆಯಲ್ಲಿ ಸುರಿದು ತುಂಬುತ್ತಾರೆ. ಗಟ್ಟಿಯಾಗುವ ತನಕ ಅದು ಕೆಳಗಿನ ಸುರಂಗಕ್ಕೆ ನುಗ್ಗದಂತೆ ತಡೆಯುವುದು ಈ ಗೋಡೆ.

ಮೇಸ್ತ್ರಿ ಎಷ್ಟೋ ಗೋಡೆಗಳ ಮುಂದೆ ಉಂಡು ಕೈತೊಳೆದವನು. ಈ ಸಲದ ಗೋಡೆಯ ನಕ್ಷೆ ಮಾತ್ರ ಅದೇ ಗಣಿಗೆ ಎಂಜಿನಿಯರಾಗಿ ಬಂದ ಅವನ ಮಗಳದು, ಅವಳ ಮೊಟ್ಟಮೊದಲನೆಯದು. ಅವಳು ಗೋಡೆಯನ್ನು ಪೊಳ್ಳಿನ ಬಾಯಿಂದ ಹಿಂದಕ್ಕೆ ತಂದು, ಸುರಂಗ ಕಿರಿದಾಗಿ ಬಂಡೆ ಗಟ್ಟಿಯಿರುವ ಕಡೆ ನಿಲ್ಲಿಸಿದ್ದಳು. ಚಪ್ಪಟೆ ಗೋಡೆ ಬಿಟ್ಟು ಕಮಾನು ಮಾಡಿ, ಅದರ ಬೆನ್ನನ್ನು ಗಂಜಿಯ ಕಡೆಗೆ ತಿರುಗಿಸಿದ್ದಳು. ಹಿಂದಿನಿಂದ ತಳ್ಳಿದಷ್ಟೂ ಅದು ಎರಡು ಬದಿಯ ಬಂಡೆಗೆ ಒತ್ತಿಕೊಳ್ಳುತ್ತದೆ. ಬುಡದಲ್ಲಿ ನೀರು ಬಸಿಯಲು ಸಣ್ಣ ಕೊಳವೆಗಳು. ನಕ್ಷೆಯನ್ನು ಅಡುಗೆಮನೆಯ ಮೇಜಿನ ಮೇಲೆ ಹರಡಿದಾಗ ಅಪ್ಪ ಕಮಾನಿನ ಗೆರೆಯ ಮೇಲೆ ಹೆಬ್ಬೆರಳಿಟ್ಟು, "ಇಷ್ಟು ತೆಳ್ಳಗಾ?" ಎಂದಿದ್ದ. ಆಮೇಲೆ ಮರುಮಾತಿಲ್ಲದೆ ಹಾಗೇ ಕಟ್ಟಿದ.

ಕೆಲಸದವರು ಸುಮ್ಮನಿರುತ್ತಾರೆಯೇ? "ಹೊಟ್ಟೆ ಒಳಗೆ ಎಳ್ಕೊಂಡಿದೆ, ಗೋಡೆಗೆ ಊಟ ಹಾಕಿಲ್ಲ ಅನ್ಸತ್ತೆ," ಎಂದು ಬಂಡೆ ಕೊರೆಯುವವನು ನಕ್ಕ. "ಹೆತ್ತವರಿಗೆ ಹೆಗ್ಗಣ ಮುದ್ದು. ಅಪ್ಪ ಕಟ್ಟೇಬಿಟ್ಟ," ಎಂದ ಇನ್ನೊಬ್ಬ. ಇದೆಲ್ಲ ಮಗಳ ಕಿವಿಗೂ ಬಿದ್ದಿತ್ತು.

ಅವಳ ನಕ್ಷೆಯಲ್ಲಿ ಗೋಡೆಯ ಜೊತೆಗೆ ಒಂದು ಹಗ್ಗವೂ ಇತ್ತು. ಗೋಡೆಯಿಂದ ಸಾಕಷ್ಟು ದೂರ ಬಿಟ್ಟು ಸುರಂಗಕ್ಕೆ ಅಡ್ಡಲಾಗಿ ಕಟ್ಟಿದ ಕೆಂಪು ಹಗ್ಗ. ಗಂಜಿ ಗಟ್ಟಿಯಾಗುವವರೆಗೆ ಅದರಾಚೆ ನರಪಿಳ್ಳೆಯೂ ಕಾಲಿಡಬಾರದು.

ಗಂಜಿ ಬಿಡುವ ಹೊತ್ತಿಗೆ ಅಪ್ಪ ಸ್ಟೂಲು ಹಿಡಿದು ಬಂದ. ಹಗ್ಗದಡಿ ನುಸುಳಿ ನೆಟ್ಟಗೆ ಹೋಗಿ ಗೋಡೆಯ ಮುಂದೆ ಕೂತ.

"ಅಪ್ಪಾ, ಹಗ್ಗ ಕಾಣಿಸ್ಲಿಲ್ವಾ?"

"ಕಾಣಿಸ್ತು. ಬಗ್ಗಿ ಬಂದೆ."

ಹಗ್ಗದ ಬಳಿ ಸೇರಿದ್ದವರು ಕಿಸಕ್ಕೆಂದರು. ಸುರಂಗದ ಫೋನಿನ ಹತ್ತಿರ ನಿಂತವನು ತಿರುಗಿ, "ಮೇಲೆ ಕಲಸಿಟ್ಟು ಕಾಯ್ತಿದಾರೆ. ತಡ ಮಾಡಿದ್ರೆ ಯಂತ್ರದಲ್ಲೇ ಗಟ್ಟಿಯಾಗತ್ತಂತೆ," ಎಂದ.

ಅಪ್ಪ ಡಬ್ಬಿಯ ಮುಚ್ಚಳ ತೆಗೆದ. "ಒಂದೇ ಮಾತು ಹೇಳು. ನಿನ್ನ ಗೋಡೆ ನಿಲ್ಲತ್ತಾ, ಇಲ್ವಾ?"

"ನಿಲ್ಲತ್ತೆ."

"ಮತ್ತೆ ನಾನ್ಯಾಕೆ ಕೂರಬಾರ್ದು?"

ಈ ಪ್ರಶ್ನೆಯನ್ನು ಅವಳಿಗೆ ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲ. ಅಪ್ಪನನ್ನು ಎಬ್ಬಿಸಿದರೆ ಅವಳಿಗೇ ಗೋಡೆಯ ಮೇಲೆ ನಂಬಿಕೆಯಿಲ್ಲ ಎನ್ನುತ್ತಾರೆ. ಬಿಟ್ಟರೆ ನಾಳೆಯಿಂದ ಹಗ್ಗಕ್ಕೆ ಕಾಸಿನ ಬೆಲೆಯಿಲ್ಲ, ಮತ್ತೆ ಅಲ್ಲಿ ಕೂತಿರುವುದು ಅಪ್ಪ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು. ಅವಳಿಗೆ ಭಯವಾಗಿತ್ತು, ನಿಜವಾಗಿ ಭಯವಾಗಿತ್ತು.

"ನನ್ನ ಲೆಕ್ಕ ತಪ್ಪಿರಬಹುದು ಅಪ್ಪಾ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಬಂಡೆಯೊಳಗೆ ನಂಗೆ ಕಾಣದ ಬಿರುಕಿರಬಹುದು. ನಿಲ್ಲತ್ತೆ ಅಂತಾನೇ ಗೋಡೆ ಕಟ್ಟಿಸಿದ್ದು. ನಿಲ್ಲದೇ ಹೋದ್ರೆ ಅಂತ ಹಗ್ಗ ಕಟ್ಟಿಸಿದ್ದು."

ಕಿಸಕ್ಕೆನ್ನುತ್ತಿದ್ದವರು ತಿರುಗಿ ಅವಳನ್ನು ನೋಡಿದರು. ನಕ್ಷೆ ಬರೆಯುವವರ ಬಾಯಲ್ಲಿ ತಪ್ಪಿರಬಹುದು ಎಂಬ ಮಾತನ್ನು ಅವರು ಅದುವರೆಗೆ ಕೇಳಿರಲಿಲ್ಲ. ಅಪ್ಪ ಗಾಬರಿಯಾಗಿ ಅವಳನ್ನು ಹತ್ತಿರ ಕರೆದ. ಅವಳು ಹಗ್ಗ ದಾಟಿ ಹೋದಳು.

"ಇವರ ಮುಂದೆ ಹಾಗೆಲ್ಲ ಹೇಳ್ತಾರಾ?" ಎಂದು ಪಿಸುಗುಟ್ಟಿದ. "ಮೊದಲೇ ಆಡ್ಕೊಳ್ತಿದಾರೆ. ನಾನು ಎದ್ದು ಬಂದ್ರೆ, ನೋಡು, ಹೆತ್ತಪ್ಪನಿಗೇ ನಂಬಿಕೆ ಇಲ್ಲ ಅಂತಾರೆ. ನೀನು ಹೋಗು. ನಾನು ಕೂತಿರ್ತೀನಿ."

ಇಷ್ಟು ಹೊತ್ತೂ ಇದನ್ನು ಮೇಸ್ತ್ರಿಯ ಜಂಬ ಎಂದುಕೊಂಡಿದ್ದಳು. ಅವನು ಕೂತಿದ್ದು ಅವಳಿಗೋಸ್ಕರ. ಪಕ್ಕದಲ್ಲಿದ್ದ ಬಕೆಟ್ಟನ್ನು ಬೋರಲು ಹಾಕಿ ಅವನ ಬಗಲಿಗೇ ಕೂತಳು. ಡಬ್ಬಿಗೆ ಕೈಹಾಕಿ ಒಂದು ತುತ್ತು ತೆಗೆದುಕೊಂಡು, ಫೋನಿನವನ ಕಡೆ ತಿರುಗಿದಳು.

"ಬಿಡೋಕೆ ಹೇಳಿ!"

ಅಪ್ಪ ಎದ್ದ ರಭಸಕ್ಕೆ ಸ್ಟೂಲು ಉರುಳಿತು. "ಏಯ್, ತಡಿ! ಬಿಡಬೇಡ್ರೋ! ಏಳೇ, ಏಳು ಮೇಲೆ!"

"ಯಾಕೆ? ಗೋಡೆ ನಿಲ್ಲತ್ತಲ್ಲ?"

ಅಪ್ಪ ಡಬ್ಬಿಯನ್ನು ಬಗಲಿಗೆ ಸೇರಿಸಿದ. ಅವಳ ಮಣಿಕಟ್ಟು ಹಿಡಿದು, ರಸ್ತೆ ದಾಟಿಸುವವನ ಹಾಗೆ ದರದರನೆ ಹಗ್ಗದ ಈಚೆಗೆ ಎಳೆತಂದ. ಯಾರೂ ಆಡಿಕೊಳ್ಳಲಿಲ್ಲ. ಬಂಡೆ ಕೊರೆಯುವವನು ತಾನಾಗಿ ಹೋಗಿ ಹಗ್ಗದ ಗಂಟು ಬಿಗಿ ಮಾಡಿದ.

ಗಂಜಿ ಬಿಟ್ಟರು. ಗೋಡೆಗಿಟ್ಟ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಬುಡದ ಕೊಳವೆಗಳಿಂದ ನೀರು ಹನಿಯತೊಡಗಿದ್ದು ಕಾಣಿಸಿತು. ಒತ್ತಡ ಅಳೆಯುವ ಮಾಪಕದ ಮುಳ್ಳು ಏರಿ, ಅವಳು ಎಣಿಸಿದ್ದಕ್ಕಿಂತ ಕೆಳಗೇ ನಿಂತಿತು. ಅಪ್ಪ ಮಗಳು ಸಿಮೆಂಟು ಚೀಲಗಳ ಮೇಲೆ ಕೂತು ಉಳಿದ ಊಟ ಹಂಚಿಕೊಂಡರು.

"ನಾನು ಎಲ್ಲಿ ಕೂತು ಊಟ ಮಾಡ್ತೀನಿ ಅಂತ ನಿಮ್ಮಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ," ಎಂದ.

"ಬೈತಾಳೆ ಅಂತಾನಾ?"

"ಬೈದಿದ್ರೆ ಬೈಸ್ಕೋಬಹುದಿತ್ತು," ಎಂದ ಅಪ್ಪ, ಡಬ್ಬಿ ಮುಚ್ಚುತ್ತ. "ಅವಳೂ ಬಂದು ಪಕ್ಕದಲ್ಲಿ ಕೂತುಬಿಡ್ತಿದ್ಳು."