ಟವಲಿನ ಮರೆಯ ವ್ಯಾಪಾರ

ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವಲಿನ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಹರಿಯಬ್ಬೆ ಊರಿನ ನಾಗಕ್ಕನ ತಮ್ಮ ಬಾಲರಾಜುವಿಗೆ ಮನುಷ್ಯರು ಮುಟ್ಟಿದರೆ ಚಿಕ್ಕಂದಿನಿಂದಲೂ ಕೆಂಡ ತಾಗಿದಂತೆ. ಕುರಿಯನ್ನು ಎತ್ತಿ ತೂಕ ಹೇಳುವುದರಲ್ಲಿ ಮಾತ್ರ ಅವನನ್ನು ಮೀರಿಸುವವರಿರಲಿಲ್ಲ. ವ್ಯಾಪಾರದಲ್ಲಿ ಟವಲಿನೊಳಗೆ ಕೈ ಇಡುತ್ತಿದ್ದವನು ಅಪ್ಪ. ತೊಂಬತ್ತೆಂಟರ ಬೇಸಿಗೆಯಲ್ಲಿ ಅಪ್ಪ ತೀರಿಕೊಂಡ. ಕುರಿ ಮಾರದೆ ಮನೆ ನಡೆಯುವಂತಿರಲಿಲ್ಲ. ನಾಗಕ್ಕ ಕುರಿಗಳ ಜೊತೆ ತಮ್ಮನನ್ನು ಹಿರಿಯೂರಿನ ಸಂತೆಗೆ ಕರೆತಂದಳು.

"ಅಣ್ಣಾ, ಇವನಿಗೆ ಮುಟ್ಟಿದ್ರೆ ಆಗಲ್ಲ. ಬಾಯಾಗೇ ಕೇಳ್ರಿ," ಎಂದಳು ದಲ್ಲಾಳಿ ಓಬಳೇಶಪ್ಪನಿಗೆ.

"ಬಾಯಾಗೆ ಹೇಳಿದ್ರೆ ಸಂತೆಯೆಲ್ಲ ಕೇಳ್ತೈತಲ್ಲವ್ವ. ಏನಪ್ಪ, ಮದುವಣಗಿತ್ತಿ ಹಂಗೆ ಕೈ ಮುಚ್ಚಿಟ್ಕಂಡೀಯಲ್ಲ?"

ಸುತ್ತಲಿದ್ದವರು ನಕ್ಕರು.

"ಹಂಗಾದ್ರೆ ನನ್ ಕೈ ಹಿಡೀರಿ."

"ಹೆಣ್ಮಕ್ಕಳ ಕೈ ಹಿಡಿದು ಯಾಪಾರ ಮಾಡಿದ್ರೆ ನಾಳೆ ನನ್ನ ಯಾರು ಮಾತಾಡಿಸ್ತಾರೆ?"

ಮಧ್ಯಾಹ್ನಕ್ಕೆ ಸಂತೆ ಕರಗತೊಡಗಿತು. ಬಾಲರಾಜು ಅಕ್ಕನ ಮುಖ ನೋಡಿದ, ಕಣ್ಣು ಮುಚ್ಚಿ ಟವಲಿನೊಳಗೆ ಕೈ ತೂರಿಸಿದ. ಓಬಳೇಶಪ್ಪ ಬೆರಳು ಅದುಮಿದ. ಕೈ ಬಿಟ್ಟರೆ ಸಾಕೆಂದು ಬಾಲರಾಜು ಮೊದಲ ಬೆಲೆಗೇ ತಲೆಯಾಡಿಸಿಬಿಟ್ಟ. ಹನ್ನೆರಡು ಕುರಿ ಅರ್ಧ ಬೆಲೆಗೆ ಹೋದವು.

"ನೋಡವ್ವ, ಕಲ್ತ್ಕಂಡ," ಎಂದು ಓಬಳೇಶಪ್ಪ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

ಊರಿನ ದಾರಿಯಲ್ಲಿ ಬಾಲರಾಜು ಕುಳಿತು, ಚರ್ಮ ಕಿತ್ತು ಬರುವವರೆಗೂ ಅಂಗೈಯನ್ನು ಮಣ್ಣಿಗೆ ಉಜ್ಜಿದ. ತಡೆಯಬೇಕೆಂದರೆ ಆ ಕೈಯನ್ನು ನಾಗಕ್ಕ ಹಿಡಿಯಬೇಕಿತ್ತು. ಅವಳು ಮಾರು ದೂರದಲ್ಲೇ ನಿಂತಿದ್ದಳು.