ಮುಂದಿನ ಎಡ ಬಾಗಿಲಿನ ಗಾಜು

ಕಾರಿನ ಬಾಗಿಲು ಮುಚ್ಚಿದ್ದು ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ. ಗಾಜು ಒಡೆದದ್ದು ಹನ್ನೊಂದು ಮೂವತ್ತೈದಕ್ಕೆ. ಈ ಎರಡು ಸಮಯಗಳ ಬಗ್ಗೆ ಸಾಯಿಕುಮಾರನಿಗೆ ಅನುಮಾನವಿರಲಿಲ್ಲ. ಅವನ ಕೈಗಡಿಯಾರ ಡ್ಯಾಶ್‌ಬೋರ್ಡಿನ ಮೇಲೆ, ಕಾರಿನ ಕೀ ಪಕ್ಕದಲ್ಲಿ, ಮುಖ ಮೇಲಾಗಿ ಬಿದ್ದಿತ್ತು. ಹೊರಗೆ ನಿಂತವರಿಗೆ ಮುಳ್ಳುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಹಿಂದಿನ ಸೀಟಿನಲ್ಲಿ ಅವನ ತಾಯಿ ಗೋವಿಂದಮ್ಮ ಕೂತಿದ್ದಳು.

ಅಂದು ಏಪ್ರಿಲ್ ತಿಂಗಳ ಎರಡನೇ ಶನಿವಾರ. ಪಾರ್ಶ್ವವಾಯು ಬಡಿದು ಗೋವಿಂದಮ್ಮನ ಬಲಗೈ, ಬಲಗಾಲು ಮತ್ತು ಮಾತು ಹೋಗಿ ನಾಲ್ಕು ತಿಂಗಳಾಗಿತ್ತು. ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ವಾರಕ್ಕೆರಡು ಸಲ ಫಿಸಿಯೋಥೆರಪಿಗೆ ಕರೆತರಬೇಕಿತ್ತು. ಚಳ್ಳಕೆರೆಯಲ್ಲಿದ್ದ ಅಕ್ಕ ರಂಜಿತಾ, ಅಮ್ಮನನ್ನು ತನ್ನ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಎಂದಿದ್ದಳು. ಸಾಯಿಕುಮಾರ ಒಪ್ಪಿರಲಿಲ್ಲ. ಮೂರು ತಿಂಗಳು ನೋಡೋಣ ಎಂದು ಮಾತಾಗಿತ್ತು. ಕುದಾಪುರದ ಸಂಸ್ಥೆಯೊಂದರಲ್ಲಿ ಕೆಲಸಕ್ಕಿದ್ದ ಬಾವ ಆಫೀಸಿನ ಬಸ್ಸಿನಲ್ಲಿ ಓಡಾಡುತ್ತಿದ್ದುದರಿಂದ ತನ್ನ ಹಳೆಯ ಕಾರನ್ನು ಅಷ್ಟು ದಿನಕ್ಕೆ ಬಿಟ್ಟುಕೊಟ್ಟಿದ್ದ. ಇಂದು ಆ ಗಡುವು ಮುಗಿಯುತ್ತಿತ್ತು. ಮಧ್ಯಾಹ್ನ ಅಕ್ಕನ ಮನೆಯಲ್ಲಿ ಊಟ. ಅಮ್ಮ ಎಲ್ಲಿರಬೇಕು ಎಂಬುದರ ತೀರ್ಮಾನವೂ ಅಲ್ಲೇ.

ಬೆಳಿಗ್ಗೆ ಹೊರಡುವಾಗ ಅಪ್ಪ ರಂಗಯ್ಯ ಮಗ್ಗದ ಗುಂಡಿಯಿಂದ ಮೇಲೆದ್ದು ಬಂದಿರಲಿಲ್ಲ. "ವಾಪಸ್ ಕರ್ಕೊಂಡು ಬಾ" ಎಂದಷ್ಟೇ ಹೇಳಿದ್ದ.

ಥೆರಪಿ ಮುಗಿದ ಮೇಲೆ ಒಂದು ಸೀರೆ ತಲುಪಿಸುವುದಿತ್ತು. ದ್ರಾಕ್ಷಾಯಣಮ್ಮ ಎಂಬುವರ ಮಗಳು ರೂಪಳ ಧಾರೆ ಸೀರೆ; ಅಪ್ಪ ಮಗ ಸೇರಿ ಇಪ್ಪತ್ತಾರು ದಿನ ನೇಯ್ದದ್ದು. ಸೀರೆ ಮುಂದಿನ ಎಡ ಸೀಟಿನಲ್ಲಿತ್ತು. ರಸ್ತೆಯ ದೂಳು ಅದರ ಮೇಲೆ ಕೂರಬಾರದೆಂದು ನಾಲ್ಕೂ ಗಾಜುಗಳನ್ನು ಏರಿಸಿ, ಎಸಿ ಹಾಕಿಕೊಂಡು ಬಂದಿದ್ದ.

ರೇಷ್ಮೆ ಮುಟ್ಟುವ ಮೊದಲು ಕೈ ಬರಿದು ಮಾಡಿಕೊಳ್ಳಬೇಕು. ಉಂಗುರ, ಗಡಿಯಾರ, ಕೀ, ಎಳೆಗೆ ಸಿಕ್ಕಿಕೊಳ್ಳುವ ಯಾವುದೂ ಕೈಯಲ್ಲಿರಬಾರದು. ಹತ್ತನೇ ವಯಸ್ಸಿನಲ್ಲಿ ಅವನಿಗೆ ಇದನ್ನು ಕಲಿಸಿದವಳು ಗೋವಿಂದಮ್ಮನೇ. ದ್ರಾಕ್ಷಾಯಣಮ್ಮನ ಮನೆಯೆದುರು ಕಾರು ನಿಲ್ಲಿಸಿ ಅವನು ಇಳಿದು, ಹಿಂಬಾಗಿಲುಗಳು ಮೊದಲೇ ಲಾಕ್ ಆಗಿದ್ದುದರಿಂದ ಚಾಲಕನ ಬಾಗಿಲಿಗಷ್ಟೇ ಕೀ ಹಾಕಿ, ಸುತ್ತಿ ಬಂದು ಎಡ ಬಾಗಿಲು ತೆರೆದ. ಉಂಗುರ, ಗಡಿಯಾರ, ಕೀ ಮೂರನ್ನೂ ಡ್ಯಾಶ್‌ಬೋರ್ಡಿನ ಮೇಲಿಟ್ಟ. ಎರಡೂ ಕೈಯಲ್ಲಿ ಸೀರೆ ಎತ್ತಿಕೊಂಡ. ಅಮ್ಮ ಒಬ್ಬಳೇ ಇರುತ್ತಾಳೆಂದು ಮೊಣಕೈಯಿಂದ ಲಾಕ್ ಒತ್ತಿ, ಸೊಂಟದಿಂದ ಬಾಗಿಲು ದೂಡಿದ. ಮುಚ್ಚಿದ ಸದ್ದು ಕೇಳಿದ ಕ್ಷಣದಲ್ಲೇ ಅವನಿಗೆ ಗೊತ್ತಾಯಿತು.

ಆದರೆ ಕೈಯಲ್ಲಿ ಸೀರೆ ಇತ್ತು. ಅದನ್ನು ಕಾರಿನ ಬಿಸಿ ತಗಡಿನ ಮೇಲೆ ಇಡುವಂತಿರಲಿಲ್ಲ, ನೆಲದ ಮೇಲಂತೂ ಇಲ್ಲವೇ ಇಲ್ಲ. ಅವನು ರಸ್ತೆ ದಾಟಿ ದ್ರಾಕ್ಷಾಯಣಮ್ಮನ ಮನೆಗೆ ಹೋದ.

"ಹಂಗೇ ಕೊಟ್ಟು ಹೋಗಬ್ಯಾಡಪ್ಪ, ಧಾರೆ ಸೀರೆ ಅದು. ಅರಿಶಿನ ಕುಂಕುಮ ಹಚ್ಚಿ ತಗಂತೀನಿ. ಏ ರೂಪಾ, ತಟ್ಟೆ ತಾರೆ" ಎಂದಳು ಆಕೆ.

ತಟ್ಟೆ ಬಂತು. ಕುಂಕುಮದ ಭರಣಿ ಇರಲಿಲ್ಲ. ಅದಕ್ಕೆ ಮತ್ತೆ ಒಳಗೆ ಹೋದರು. ಸಾಯಿಕುಮಾರ ಸೀರೆ ಹಿಡಿದು ನಿಂತೇ ಇದ್ದ. ತಾಯಿ ಕಾರಿನಲ್ಲಿ ಸಿಕ್ಕಿಕೊಂಡಿದ್ದಾಳೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಅವನು ಮರಳಿದಾಗ ಕಾರಿನೊಳಗಿನ ಗಡಿಯಾರ ಹನ್ನೊಂದು ಇಪ್ಪತ್ನಾಲ್ಕು ತೋರಿಸುತ್ತಿತ್ತು.

ಗೋವಿಂದಮ್ಮ ಬಲಗಡೆಯ ಬಾಗಿಲಿಗೆ ಒರಗಿದ್ದಳು. ಬಾಗಿಲು ಇದ್ದದ್ದು ಸತ್ತ ಕೈಯ ಕಡೆ. ಎಡಗೈಯನ್ನು ಎದೆಯ ಮೇಲಿಂದ ದಾಟಿಸಿ ಲಾಕ್ ಕಡ್ಡಿಯನ್ನು ಮುಟ್ಟುತ್ತಿದ್ದಳು. ಬೆರಳು ತಲುಪುತ್ತಿತ್ತು, ಹಿಡಿದೆತ್ತಲು ಆಗುತ್ತಿರಲಿಲ್ಲ. ಹಣೆಯ ಬೆವರು ಕುಂಕುಮವನ್ನು ಮೂಗಿನ ಮೇಲಕ್ಕೆ ಇಳಿಸಿತ್ತು.

ಕಾರಿನ ಇನ್ನೊಂದು ಕೀ ಅಕ್ಕನ ಮನೆಯಲ್ಲಿತ್ತು. ಬಾವನಿಗೆ ರಜೆ, ಸ್ಕೂಟರಿನಲ್ಲಿ ಬಂದರೆ ಐದು ನಿಮಿಷದ ದಾರಿ. ಮೊಬೈಲ್ ಸಾಯಿಕುಮಾರನ ಜೇಬಿನಲ್ಲೇ ಇತ್ತು. ಅವನು ತೆಗೆದು ಅಕ್ಕನ ನಂಬರಿನವರೆಗೆ ಹೋಗಿ, ಮತ್ತೆ ಜೇಬಿಗಿಟ್ಟ. ಪಕ್ಕದ ಅಂಗಡಿಯಿಂದ ತಂತಿ ಕೇಳಿ ತಂದ. ಗಾಜಿನ ರಬ್ಬರಿನ ಸಂದಿಯಲ್ಲಿ ತೂರಿಸಿದ. ತಂತಿ ಬಗ್ಗಿತು. ಉಕ್ಕಿನ ಅಳತೆ ಪಟ್ಟಿ ತಂದ. ಅದೂ ಆಗಲಿಲ್ಲ. ಜನ ಸೇರಿದರು. ಯಾರೋ ಹೋಗಿ ಅದೇ ಬೀದಿಯಲ್ಲಿ ಕಾರಿನ ಗಾಜಿನ ಅಂಗಡಿ ಇಟ್ಟಿದ್ದ ಮಾರುತೇಶನನ್ನು ಕರೆತಂದರು.

"ಇನ್ನೊಂದು ಕೀ ಇಲ್ವಾ?" ಮಾರುತೇಶ ಕೇಳಿದ.

"ಇಲ್ಲ."

"ಒಡಿತೀನಿ ಹಂಗಾರೆ."

"ಒಂದು ನಿಮಿಷ ತಡಿಯಣ್ಣ. ತಂತೀಲಿ ಬರ್ತೈತೆ. ಕಾರು ನಂದಲ್ಲ."

ಮಾರುತೇಶ ಬಗ್ಗಿ ಹಿಂದಿನ ಸೀಟನ್ನು ನೋಡಿದ. "ಗಾಜು ಇನ್ನೊಂದು ನನ್ನ ಅಂಗಡೀಲಿ ಸಿಕ್ತೈತೆ ಕಣಪ್ಪ" ಎಂದು ಸಾಯಿಕುಮಾರನನ್ನು ಪಕ್ಕಕ್ಕೆ ಸರಿಸಿದ. ಅಜ್ಜಿಗೆ ದೂರವಾದ ಗಾಜೆಂದು ಮುಂದಿನ ಎಡ ಬಾಗಿಲನ್ನೇ ಆರಿಸಿದ. ಪೆನ್ನಿನಷ್ಟು ಉದ್ದದ ಉಕ್ಕಿನ ಪಂಚನ್ನು ಮೂಲೆಗಿಟ್ಟು ಒತ್ತಿದ. ಇಡೀ ಗಾಜು ಒಮ್ಮೆಗೇ ಕಲ್ಲುಸಕ್ಕರೆಯ ಹರಳುಗಳಂತೆ ಸೀಟಿನ ಮೇಲೆ ಸುರಿಯಿತು.

ಗೋವಿಂದಮ್ಮನನ್ನು ಎತ್ತಿ ತಂದು ಅಂಗಡಿಯ ಫ್ಯಾನಿನ ಕೆಳಗೆ ಕೂರಿಸಿದರು. ಮಾರುತೇಶನ ಹೆಂಡತಿ ಕಾಂಚನಾ ಒದ್ದೆ ಬಟ್ಟೆಯಿಂದ ಮುಖ, ಕತ್ತು ಒರೆಸಿ, ಚಮಚದಲ್ಲಿ ನೀರು ಕುಡಿಸಿದಳು. ಹತ್ತಿರದಲ್ಲೇ ಇದ್ದ ಥೆರಪಿ ಕೇಂದ್ರದ ನರ್ಸ್ ಬಂದು ಬಿಪಿ ನೋಡಿದಳು. ಸದ್ಯಕ್ಕೆ ತೊಂದರೆ ಇಲ್ಲ, ನೆರಳಿನಲ್ಲಿ ಇರಲಿ, ವಾಂತಿಯಾದರೆ ಆಸ್ಪತ್ರೆಗೆ ಒಯ್ಯಿರಿ ಎಂದಳು.

ಸಾಯಿಕುಮಾರ ಅದನ್ನೆಲ್ಲ ಕೇಳಿಸಿಕೊಂಡ. ಆಮೇಲೆ ಮಾರುತೇಶನನ್ನು ಕೇಳಿದ: "ಒಂದು ಗಂಟೆ ಒಳಗೆ ಹಾಕಿಕೊಡ್ತೀಯಾ? ಹಾಕಿದ್ದು ಗೊತ್ತಾಗಬಾರದು."

"ಯಾರಿಗೆ ಗೊತ್ತಾಗಬಾರದು?"

"ಬಾವಂಗೆ. ಅಕ್ಕಂಗೆ."

ಮಾರುತೇಶ ಹಿಂಬದಿಯ ಬಾಗಿಲಿನ ಗಾಜಿನ ಮೂಲೆಯಲ್ಲಿದ್ದ ಸಣ್ಣ ಅಕ್ಷರಗಳನ್ನು ತೋರಿಸಿದ. "ಗಾಜಿಗೂ ಜಾತಕ ಐತೆ ನೋಡು. ಮಾಡಿದ ಕಂಪನಿ, ವರ್ಷ ಎಲ್ಲ ಬರ್ದಿರ್ತೈತೆ. ಹೊಸಾದು ಹಾಕಿದ್ರೆ ಇದರ ಜೊತೆ ಕೂಡಿ ಬರಲ್ಲ. ನಿಮ್ಮ ಬಾವ ಅಷ್ಟು ನೋಡ್ತಾನಾ?"

"ನೋಡ್ತಾನೆ. ಟೈರಿನ ಗಾಳಿನೂ ಬರ್ದಿಡ್ತಾನೆ."

"ಹೆಣ್ಣು ಕೊಡೋವಾಗ ವಿಚಾರಿಸ್ಲಿಲ್ವೇನ್ರೋ?" ಎಂದು ಮಾರುತೇಶ ನಕ್ಕ. ಸಾಯಿಕುಮಾರ ನಗಲಿಲ್ಲ.

ಗುಜರಿಯಲ್ಲಿ ಅದೇ ವರ್ಷದ ಒಂದು ಬಾಗಿಲು ಸಿಕ್ಕಿತು. ಮಾರುತೇಶ ಕಾರಿನ ಬಾಗಿಲಿನ ಒಳಹಲಗೆ ಬಿಚ್ಚಿದ. ಹಲಗೆಯ ಹಿಂದಿನ ಪೊಳ್ಳಿನಲ್ಲಿ ಬಿದ್ದಿದ್ದ ಹರಳುಗಳನ್ನು ಬ್ಲೋಯರಿನಿಂದ ಊದಿ ತೆಗೆದ. ಗುಜರಿ ಬಾಗಿಲಿನ ಗಾಜನ್ನು ಮೇಲಿನಿಂದ ಇಳಿಸಿ, ತಳದ ಹಿಡಿಕೆಗೆ ಕೂರಿಸಿ, ಬೋಲ್ಟು ಬಿಗಿದ. ಹ್ಯಾಂಡಲ್ ತಿರುಗಿಸಿ ನಾಲ್ಕು ಸಲ ಏರಿಸಿ ಇಳಿಸಿ ನೋಡಿದ. ಸೀಟು, ಕಾಲಡಿಯ ಮ್ಯಾಟು, ಸಂದಿಗೊಂದಿ ಎಲ್ಲವನ್ನೂ ಸಾಯಿಕುಮಾರನೇ ಕೈಯಾರೆ ಸವರಿದ. ಎಳೆ ಕಡಿದ ಜಾಗವನ್ನು ಬೆರಳಿನಿಂದ ಹುಡುಕಿ ರೂಢಿಯಿದ್ದವನಿಗೆ ಒಂದು ಹರಳೂ ತಪ್ಪಲಿಲ್ಲ. ಹನ್ನೆರಡು ಐವತ್ತಕ್ಕೆ ಕೆಲಸ ಮುಗಿಯಿತು. ಗಾಜು ಮೊದಲಿನಂತೆಯೇ ಇತ್ತು.

ಅಮ್ಮನನ್ನು ಕಾರಿಗೆ ಕರೆದೊಯ್ಯುವಾಗ ಕಾಂಚನಾ ಹೇಳಿದಳು: "ಅವ್ವ ಏನೂ ಸದ್ದೇ ಮಾಡ್ಲಿಲ್ಲ ಕಣಣ್ಣ. ನೀನು ಎಲ್ಲೆಲ್ಲಿ ಹೋಗ್ತೀಯೋ ಅಲ್ಲೇ ನೋಡ್ತಾ ಇದ್ಲು."

ಅಕ್ಕನ ಮನೆಯಲ್ಲಿ ಬಾವ ಕಾರಿನ ಸುತ್ತ ಒಂದು ಸುತ್ತು ಬಂದ. "ಏನಪ್ಪ, ಒಳಗೆಲ್ಲ ಫಳಫಳ ಅನ್ನಂಗೆ ಮಾಡಿದೀಯ? ವಾಪಸ್ ಕೊಡೋ ಕಾರಿಗೆ ಇಷ್ಟು ಉಪಚಾರ" ಎಂದ. ಅಷ್ಟೇ. ಅವನಿಗೆ ಏನೂ ಕಾಣಲಿಲ್ಲ.

ಊಟವಾಯಿತು. ಗೋವಿಂದಮ್ಮ ಎರಡು ತುತ್ತು ತಿಂದು ತಲೆಯಾಡಿಸಿ ಬೇಡವೆಂದಳು. ರಂಜಿತಾ ತಾಯಿಯ ಬಾಯಿ ಒರೆಸಿ, ತಮ್ಮನ ಎದುರು ಕೂತಳು.

"ನೋಡು ಸಾಯಿ, ನಾನು ಜಗಳ ಆಡ್ತೀನಿ ಅಂತ ಅಪ್ಪ ಹೆದ್ರಿಕೊಂಡಿರ್ತಾನೆ. ಮೂರು ತಿಂಗಳಲ್ಲಿ ಒಂದು ಥೆರಪಿನೂ ತಪ್ಪಿಸಿಲ್ಲ ನೀನು. ಬೆನ್ನಿನ ಮೇಲೆ ಒಂದು ಹುಣ್ಣಿಲ್ಲ. ನಾನಾದ್ರೂ ಇಷ್ಟು ಮಾಡ್ತಿದ್ನೋ ಇಲ್ವೋ. ಅಮ್ಮ ನಿನ್ನ ಹತ್ರಾನೇ ಇರ್ಲಿ. ಕಾರು ಇನ್ನೂ ಆರು ತಿಂಗಳು ಇಟ್ಕೊ."

ಅವನು ಬಯಸಿದ್ದು ಇದನ್ನೇ. ಗೋವಿಂದಮ್ಮ ಅವನನ್ನು ನೋಡುತ್ತಿದ್ದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಮುಚ್ಚಿದ ಗಾಜಿನ ಹಿಂದೆಯೂ ಅವಳು ಹೀಗೆಯೇ ನೋಡಿದ್ದಳು. ಅವನು ಮೊಬೈಲನ್ನು ಜೇಬಿನಿಂದ ತೆಗೆದದ್ದನ್ನೂ, ಮತ್ತೆ ಇಟ್ಟದ್ದನ್ನೂ.

"ಅಕ್ಕ, ಇವತ್ತು ಒಂದು ಆಯ್ತು" ಎಂದು ಶುರು ಮಾಡಿದ. ಕೀ, ಲಾಕು, ಒಡೆದ ಗಾಜು, ಗುಜರಿ, ಎಲ್ಲ ಹೇಳಿದ. ಬಾವ ಎದ್ದು ಕಾರಿನ ಕಡೆ ಹೊರಟವನು ಹೆಂಡತಿಯ ಮುಖ ನೋಡಿ ಮತ್ತೆ ಕೂತ.

"ಎಷ್ಟು ಹೊತ್ತು ಒಳಗಿದ್ಲು?" ರಂಜಿತಾ ಕೇಳಿದಳು.

"ಹದಿನೈದು ನಿಮಿಷ."

"ಮೊದ್ಲು ಸೀರೆ ಕೊಟ್ಟು ಬಂದ್ಯಾ?"

"ಹ್ಞೂ."

"ಇನ್ನೊಂದು ಕೀ ಇಲ್ಲೇ ಮೊಳೆಗೆ ನೇತಾಕೈತಲ್ಲೋ. ಒಂದು ಫೋನ್ ಮಾಡೋಕೆ ಏನಾಗಿತ್ತು ನಿಂಗೆ?"

"ಗೊತ್ತಾದ್ರೆ ನೀನು ಅಮ್ಮನ್ನ ಕಳಿಸಲ್ಲ ಅಂತ."

ರಂಜಿತಾ, "ಕಳಿಸೋಕೆ ನಾನ್ಯಾರು, ನೀನ್ಯಾರು. ಅಮ್ಮನ್ನೇ ಕೇಳು" ಎಂದು ಎದ್ದು ತಟ್ಟೆಗಳನ್ನು ಒಳಗೆ ಒಯ್ದಳು.

ಸಾಯಿಕುಮಾರ ಬಾಗಿಲ ಬಳಿಯಿದ್ದ ತಾಯಿಯ ಚಪ್ಪಲಿ ತಂದು ಕುರ್ಚಿಯ ಮುಂದೆ ಮಂಡಿಯೂರಿ ಕೂತ. "ಅಮ್ಮ, ಹೋಗಾನಾ?" ಎಂದ. ಬಲಗಾಲು ಅವನು ಎತ್ತಿದಂತೆ ಎದ್ದಿತು. ಅದಕ್ಕೆ ಚಪ್ಪಲಿ ಹಾಕಿದ. ಎಡಗಾಲಿಗೆ ಕೈ ಹಾಕಿದಾಗ ಗೋವಿಂದಮ್ಮ ಅದನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡಳು. ಅವನು ಮತ್ತೊಮ್ಮೆ ಮೆಲ್ಲಗೆ ಹಿಡಿದ. ಅವಳು ಮತ್ತೊಮ್ಮೆ ಎಳೆದುಕೊಂಡಳು. ಆಮೇಲೆ ಎಡಗೈಯನ್ನು ಅವನ ತಲೆಯ ಮೇಲಿಟ್ಟು, ಸ್ವಲ್ಪ ಹೊತ್ತು ಹಾಗೆಯೇ ಇದ್ದಳು.

ಅವನು ಬಲಗಾಲಿನ ಚಪ್ಪಲಿಯನ್ನೂ ಬಿಚ್ಚಿದ.

"ಅಪ್ಪಂಗೆ ನಾನು ಫೋನ್ ಮಾಡಿ ಹೇಳ್ತೀನಿ ಬಿಡು" ಎಂದಳು ರಂಜಿತಾ, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಬ್ಯಾಡ. ನಾನೇ ಹೋಗಿ ಹೇಳ್ತೀನಿ" ಎಂದು ಸಾಯಿಕುಮಾರ ಬಸ್ ನಿಲ್ದಾಣದ ಕಡೆ ಹೊರಟ.