ಈಶಾನ್ಯ ಗೋಡೆಯ ಆಲ

ನೀಲಾಂಬಿಕಾ ಕಾರಿನಿಂದ ಇಳಿಯುವಷ್ಟರಲ್ಲೇ ಕಾರ್ಖಾನೆಯ ಅಂಗಳದಲ್ಲಿ ಮಾತು ಬಿಸಿಯೇರಿತ್ತು.

“ನಾ ಏನ್ ಮಾಡೀನ್ರೀ ಸಾವ್ಕಾರ್ರ? ದಿನಾ ನೀರು ಹಾಕು ಅಂದ್ರಿ, ಹಾಕೀನಿ. ಅದಕ್ಕ ಕೆಲಸಾ ಬಿಟ್ಟು ಹೋಗು ಅಂದ್ರ ಹೆಂಗ್ರಿ?”

ಅಳುತ್ತಲೇ ಮಾತಾಡುತ್ತಿದ್ದವಳು ಕುಷ್ಟಗಿ ಕಡೆಯ ಹೊಳೆವ್ವ. ಸ್ಕೂಟರಿನ ಬಿಡಿಭಾಗಗಳಿಗೆ ಹೊಳಪು ಕೊಡುವ ಆ ಕಾರ್ಖಾನೆಯಲ್ಲಿ ಕಬ್ಬಿಣದ ತುಂಡುಗಳನ್ನು ಕೊಕ್ಕೆಗೆ ಸಿಕ್ಕಿಸಿ ಆಸಿಡ್ ತೊಟ್ಟಿಗೆ ಸಾಗಿಸುವುದು ಅವಳ ಕೆಲಸ. ಎದುರಿಗಿದ್ದವನು ಮಾಲೀಕ ಭಾನುಪ್ರಕಾಶ್. ನೀಲಾಂಬಿಕಾರನ್ನು ಕಂಡದ್ದೇ ಅವನ ಮುಖ ಬದಲಾಯಿತು.

“ಬನ್ನಿ ಮೇಡಂ, ಬನ್ನಿ. ಅಪ್ಪನ ಆಲದ ಗಿಡ ಕೈಬಿಟ್ಟು ಹೋಗ್ತಿದೆ. ನೀವೇ ಗತಿ.”

ಅವನ ಅಪ್ಪ ತೀರಿಕೊಂಡ ಮೇಲೆ ನೀಲಾಂಬಿಕಾ ಈ ಕಡೆ ಬಂದಿರಲಿಲ್ಲ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದ ಕಾಲದಲ್ಲಿ ಬೋನ್ಸಾಯ್ ಬೆಳೆಸುವವರ ಸಂಘದಲ್ಲಿ ಅವರಿಗೆ ಭಾನುವಿನ ಅಪ್ಪನ ಪರಿಚಯ. ತಟ್ಟೆಯಂಥ ಕುಂಡದಲ್ಲಿ ಮೊಳಕಾಲೆತ್ತರದ ಆಲ, ಅದಕ್ಕೆ ಇಳಿಬಿದ್ದ ಬಿಳಲು. ಆ ಮನುಷ್ಯ ಅದನ್ನು ಮೊಮ್ಮಗುವಿನಂತೆ ಸಾಕಿದ್ದರು. ಅದಕ್ಕಾಗಿಯೇ ನೀಲಾಂಬಿಕಾ, ಮೆಟ್ರೋ ಕಂಬಗಳು ಏಳುತ್ತಿದ್ದ ತುಮಕೂರು ರಸ್ತೆಯ ಧೂಳು ಕುಡಿದುಕೊಂಡು, ಈ ಏಪ್ರಿಲ್ ಬಿಸಿಲಲ್ಲಿ ಪೀಣ್ಯಕ್ಕೆ ಬಂದದ್ದು.

“ಇವಳ್ಯಾಕೆ ಅಳ್ತಿದಾಳೆ?” ಎಂದು ಕೇಳಿದರು.

ಭಾನುಪ್ರಕಾಶ್ ದನಿ ತಗ್ಗಿಸಿದ. “ಅದೇ ಮೇಡಂ, ಹೇಳೋಕೂ ಮುಜುಗರ. ಮುಟ್ಟಾದಾಗಲೂ ಇವಳೇ ಗಿಡಕ್ಕೆ ನೀರು ಹಾಕಿದಾಳೆ. ನಮ್ಮ ವಾಸ್ತುವಿನವರು ನೋಡಿದ ತಕ್ಷಣ ಹೇಳಿದ್ರು, ಇದು ಮೈಲಿಗೆ ದೋಷ ಅಂತ. ದೇವರಿಗಿಟ್ಟ ಮರ ಅಲ್ವಾ? ನೀವೂ ಒಂದ್ಸಲ ನೋಡಿ ಹೇಳಿಬಿಟ್ರೆ ಇವಳ ಲೆಕ್ಕ ಮುಗಿಸಿ ಕಳಿಸ್ತೀನಿ.”

ನೀಲಾಂಬಿಕಾರ ಕಿವಿ ಬಿಸಿಯಾಯಿತು. ಐವತ್ತು ಹೆಣ್ಣುಮಕ್ಕಳಿರುತ್ತಿದ್ದ ತರಗತಿಗೆ ಅವರು ಮೂವತ್ತು ವರ್ಷ ಪಾಠ ಹೇಳಿದವರು. ಆ ಹುಡುಗಿಯರು ಮುಟ್ಟಿದ ಒಂದೇ ಒಂದು ಗಿಡ ಆ ಕಾರಣಕ್ಕೆ ಸತ್ತದ್ದನ್ನು ನೋಡಿರಲಿಲ್ಲ. ಹಾಗಂತ ಹೇಳಲು ಬಾಯಿ ತೆರೆದವರು, ಹೊಳೆವ್ವನ ಮುಖ ನೋಡಿ ನುಂಗಿಕೊಂಡರು. ಬರೀ ಬೈದರೆ ಇವಳ ಕೆಲಸ ಉಳಿಯುವುದಿಲ್ಲ. ಗಿಡವೇ ಸಾಕ್ಷಿ ಹೇಳಬೇಕು.

“ಮೊದಲು ಗಿಡ ತೋರ್ಸಪ್ಪ,” ಎಂದರು.

ಒಳಗೆ ಕಾಲಿಟ್ಟ ಕೂಡಲೇ ಮೂಗು ಉರಿಯಿತು, ಗಂಟಲಲ್ಲಿ ಕೆರೆತ. ತಗಡಿನ ಸೂರು ಕೆಂಡದಂತೆ ಕಾದಿತ್ತು. ಮೂಲೆಯ ಗೋಡೆಗೆ ಗ್ರಾನೈಟಿನ ಪುಟ್ಟ ಕಟ್ಟೆ, ಅದರ ಮೇಲೆ ತಾಮ್ರದ ತಂಬಿಗೆ, ಪಕ್ಕದಲ್ಲಿ ಆಲ. ಮೇಲೆ ಬೆಳಕಿಗೆಂದು ಹಾಕಿದ ಪ್ಲಾಸ್ಟಿಕ್ ಶೀಟು. ಬುಡಕ್ಕೆ ಅರಿಸಿನ ಕುಂಕುಮ ಹಚ್ಚಿದ್ದರು; ಎಲೆಗಳು ಮಾತ್ರ ಸಿಡುಬು ಎದ್ದ ಮೈಯಂತಾಗಿದ್ದವು.

ಮೇಲ್ವಿಚಾರಕ ನರಸಿಂಹಯ್ಯ ಎಲ್ಲಿಂದಲೋ ಒಂದು ಸ್ಟೂಲು ತಂದ. ಅದರ ಮೇಲಿನ ಎಣ್ಣೆ ಕಲೆಯನ್ನು ತನ್ನ ಹೆಗಲ ಟವೆಲಿನಿಂದ ಒರೆಸಿ, “ಕುತ್ಕಳಿ ಅಮ್ಮಾ” ಎಂದ. ಪೀಣ್ಯ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇದ್ದ ಮನುಷ್ಯ ಅವನು.

“ಹೊರಗೆ ಅಂಗಳದಲ್ಲಿತ್ತಲ್ಲ ಇದು?” ಎಂದರು ನೀಲಾಂಬಿಕಾ.

“ಬಿಸಿಲು ಜಾಸ್ತಿ ಆಯ್ತು ಅಂತ ಯುಗಾದಿ ದಿನ ನಾನೇ ಒಳಗೆ ತರ್ಸಿದೆ ಮೇಡಂ,” ಎಂದ ಭಾನುಪ್ರಕಾಶ್. “ಈಶಾನ್ಯ ಮೂಲೆ. ನೀರು, ಹಸಿರು ಎರಡೂ ಇರ್ಬೇಕಂತೆ.”

ನೀಲಾಂಬಿಕಾ ಕೈಚೀಲದಿಂದ ಭೂತಗನ್ನಡಿ ತೆಗೆದರು. ಬೆರಳನ್ನು ಮಣ್ಣಿಗೆ ಒತ್ತಿ ಮೂಸಿದರು. ನೀರು ಹೆಚ್ಚಾಗಿದ್ದರೆ ಬೇರು ಕೊಳೆತು ಮಣ್ಣು ನಾರಬೇಕು, ಎಲೆ ಹಳದಿಯಾಗಿ ಮೆತ್ತಗೆ ಉದುರಬೇಕು. ನಾರುತ್ತಿರಲಿಲ್ಲ. ನೀರು ಸಾಲದಿದ್ದರೆ ಅಂಚು ಗರಿಗರಿಯಾಗಬೇಕು. ಅದೂ ಇಲ್ಲ. ಮಣ್ಣು ಬೇಕಾದಷ್ಟೇ ಹಸಿಯಾಗಿತ್ತು. ಮಣ್ಣು ಕಾಯದಿರಲೆಂದು ಯಾರೋ ತೆಂಗಿನ ನಾರಿನ ತೆಳು ಹಾಸು ಹೊದಿಸಿದ್ದರು.

“ಈ ನಾರು ಹಾಕ್ದಾಕಿ ನೀನಾ?” ಎಂದು ಅವರು ತಮ್ಮ ಹಾವೇರಿ ಮಾತಿನಲ್ಲಿ ಕೇಳಿದರು.

ಬಾಗಿಲಲ್ಲಿ ನಿಂತಿದ್ದ ಹೊಳೆವ್ವ ಕೆಮ್ಮುತ್ತಲೇ ತಲೆ ಆಡಿಸಿದಳು. “ಹೌದ್ರಿ ಬಾಯಾರ. ಬಿಸಲಿಗೆ ಬುಡ ಸುಡತಿತ್ರಿ.”

ನೋಡಿದೆಯಾ ಎನ್ನುವಂತೆ ನೀಲಾಂಬಿಕಾ ಭಾನುಪ್ರಕಾಶನತ್ತ ಕಣ್ಣು ಹಾಯಿಸಿದರು. ಅವನು ಮೊಬೈಲು ನೋಡುತ್ತಿದ್ದ.

ಬಿಳಿ ಹಾಳೆಯೊಂದನ್ನು ಕೊಂಬೆಯ ಕೆಳಗೆ ಹಿಡಿದು ತಟ್ಟಿದರು. ಕೆಂಪು ನುಸಿ ಇದ್ದಿದ್ದರೆ ಹಾಳೆಯ ಮೇಲೆ ಹರಿದಾಡಬೇಕಿತ್ತು. ಬಿದ್ದದ್ದು ಬರೀ ಧೂಳು. ಬಿಸಿಲಿಗೆ ಸುಟ್ಟಿರಬಹುದೇ ಎಂದು ಎಲೆಗಳನ್ನು ಒಂದೊಂದಾಗಿ ತಿರುವಿ ಹಾಕಿದರು. ಕಲೆಗಳು ನರಗಳ ನಡುವೆ, ಒಣಗಿದ ಹುಲ್ಲಿನ ಬಣ್ಣ, ಮೇಲ್ಮೈಯಲ್ಲಿ ಮಾತ್ರ. ತೊಟ್ಟಿಗಳ ಕಡೆ ಮುಖಮಾಡಿದ ಎಲೆಗಳಲ್ಲಿ ಹೆಚ್ಚು, ಗೋಡೆಯ ಕಡೆ ಕಡಿಮೆ. ಆಮೇಲೆ ಅವರು ಒಂದರ ಮೇಲೊಂದು ಕೂತಿದ್ದ ಎರಡು ಎಲೆಗಳನ್ನು ಬಿಡಿಸಿದರು. ಮೇಲಿನ ಎಲೆ ಮುಚ್ಚಿದ್ದಷ್ಟು ಜಾಗದಲ್ಲಿ ಕೆಳಗಿನದು ಕತ್ತರಿಸಿಟ್ಟಂತೆ ಹಸಿರಾಗಿತ್ತು. ಅದರಾಚೆ ಚುಕ್ಕಿ ಚುಕ್ಕಿ ಸುಟ್ಟಿತ್ತು.

ಮೇಲಿನಿಂದ ಏನೋ ಇಳಿದು ಎಲೆಯ ಮೇಲೆ ಕೂರುತ್ತಿದೆ. ಬೇರಿಗಾಗಲಿ ನೀರಿಗಾಗಲಿ ಇದರ ಸಂಬಂಧವಿಲ್ಲ.

“ನರಸಿಂಹಯ್ಯ, ತೊಟ್ಟಿ ನೀರಿನ ಹುಳಿ ನೋಡೋಕೆ ಪಿಎಚ್ ಕಾಗದ ಇಟ್ಟಿರ್ತೀರಲ್ಲ, ಒಂಚೂರು ಕೊಡ್ತೀರಾ?”

ಅವನು ಮಾಲೀಕನ ಮುಖ ನೋಡಿದ, ನೆಲ ನೋಡಿದ, ತಂದುಕೊಟ್ಟ. ಮೊದಲು ಹೊಳೆವ್ವ ಗಿಡಕ್ಕೆ ಹಾಕುವ ನೀರಿಗೇ ಕಾಗದ ಅದ್ದಿದರು. ಬಣ್ಣ ಅಷ್ಟಾಗಿ ಬದಲಾಗಲಿಲ್ಲ. ಅದೇ ನೀರಲ್ಲಿ ಹತ್ತಿ ಅದ್ದಿ, ಅಂಗಳದ ನಂದಿಬಟ್ಟಲ ಎಲೆಯನ್ನು ಒರೆಸಿ ಕಾಗದಕ್ಕೆ ಒತ್ತಿದರು. ಹಾಗೇ ಇತ್ತು. ಕೊನೆಗೆ ಆಲದ ಎಲೆ ಒರೆಸಿದ ಹತ್ತಿ ಒತ್ತಿದರು. ಕಾಗದ ಕುಂಕುಮದಂತೆ ಕೆಂಪಾಯಿತು.

“ಇದು ಆಸಿಡ್ ಹಬೆ, ಭಾನು. ತೊಟ್ಟಿಯಿಂದ ಎದ್ದು, ಹೋಗೋಕೆ ದಾರಿಯಿಲ್ಲದೆ ಇಲ್ಲೇ ಇಳೀತಿದೆ. ಈ ಸೆಖೆಗೆ ಹಬೆ ಇನ್ನೂ ಜಾಸ್ತಿ. ನಿಮ್ಮಪ್ಪನ ಕಾಲದಲ್ಲಿ ಇಲ್ಲಿ ಇಷ್ಟು ಉರಿ ಇರಲಿಲ್ಲ. ಹಬೆ ಹೊರಗೆ ಎಳೆಯೋ ಫ್ಯಾನ್ ಎಲ್ಲಿ?”

ನರಸಿಂಹಯ್ಯ ಆಲದ ಹಿಂದಿನ ಗೋಡೆಗೆ ಕೈ ತೋರಿಸಿದ. ಸುಣ್ಣದ ಅಡಿಯಲ್ಲಿ ಒಂದು ದೊಡ್ಡ ಚೌಕದ ಗುರುತು ಇನ್ನೂ ಕಾಣುತ್ತಿತ್ತು.

“ಅಲ್ಲೇ ಇತ್ತಮ್ಮಾ. ದೊಡ್ಡ ಯಜಮಾನ್ರು ಆಕ್ಸಿದ್ದು. ಓದ್ವರ್ಸ ಮುಚ್ಬುಟ್ರು.”

“ಈಶಾನ್ಯದಿಂದ ಹೊಗೆ ಹೋದ್ರೆ ಲಕ್ಷ್ಮಿ ಹೋಗ್ತಾಳೆ ಅಂದ್ರು ಮೇಡಂ,” ಎಂದ ಭಾನುಪ್ರಕಾಶ್, ತೀರಾ ಸಹಜವಾಗಿ. “ಬಾಗಿಲು ತೆರೆದೇ ಇರುತ್ತಲ್ಲ, ಗಾಳಿಗೇನು ಕಮ್ಮಿ? ಸದ್ಯ, ಕಾರಣ ಗೊತ್ತಾಯ್ತು. ಮರಾನ ಇವತ್ತೇ ರಾಜಾಜಿನಗರದ ಮನೆಗೆ ಸಾಗಿಸ್ಬಿಡ್ತೀನಿ. ಬಾಲ್ಕನಿಯಲ್ಲಿ ತಂಪಾಗಿರುತ್ತೆ. ಏ ಹೊಳೆವ್ವ, ನಿನ್ ತಪ್ಪಿಲ್ವಂತೆ ಬಿಡು. ಕೆಲಸಕ್ಕಿರು. ಇದನ್ನ ಎತ್ತಿ ಕಾರಲ್ಲಿಡು, ಹುಷಾರು.”

ನೀಲಾಂಬಿಕಾ ಸ್ಟೂಲಿನಿಂದ ಎದ್ದರು. ಭೂತಗನ್ನಡಿ ಕುಂಡದ ಅಂಚಿಗೆ ತಗುಲಿ ಠಣ್ ಎಂದಿತು.

“ಏನಂದೆ? ಇನ್ನೊಂದ್ಸಲ ಹೇಳು. ಮರಕ್ಕೆ ಬಾಲ್ಕನಿ. ಇವರಿಗೆ?”

“ಮೇಡಂ, ಇವರಿಗೆಲ್ಲ ಅಭ್ಯಾಸ ಆಗಿರುತ್ತೆ…”

“ಆಲದ ಎಲೆ ಚರ್ಮದಷ್ಟು ದಪ್ಪ ಕಣಪ್ಪ. ಯುಗಾದಿಯಿಂದ ಇಲ್ಲಿಗೆ ಅದೇ ಸುಟ್ಟುಹೋಗಿದೆ. ಇವರು ಹೋದ ವರ್ಷದಿಂದ ಇದನ್ನ ಉಸಿರಾಡ್ತಿದಾರೆ. ಎಲೆಗೆ ವೈದ್ಯರನ್ನ ಕರೆಸಿದೆ, ಕಾರು ಕಳಿಸಿದೆ. ಈ ಹುಡುಗಿ ಕೆಮ್ಮಿದಾಗ ಯಾರನ್ನ ಕರೆಸಿದೆ? ಗೋಡೆ ಮುಚ್ಚಿದವನು ನೀನು. ಮೈಲಿಗೆ ಇವಳದ್ದಾ?”

ಇಷ್ಟು ದೊಡ್ಡ ದನಿ ತಮ್ಮದೇ ಎಂದು ಅವರಿಗೇ ನಂಬಿಕೆಯಾಗಲಿಲ್ಲ. ಆಸಿಡ್ ತೊಟ್ಟಿಯ ಬಳಿಯಿದ್ದ ಬಸಲಿಂಗ ಕೆಲಸ ನಿಲ್ಲಿಸಿ ನೋಡುತ್ತಿದ್ದ. ಕೊಕ್ಕೆಗೆ ತುಂಡು ಸಿಕ್ಕಿಸುತ್ತಿದ್ದ ಹೆಂಗಸರ ಕೈಗಳು ನಿಂತಿದ್ದವು.

“ಮೇಡಂ, ನಿಮ್ಮನ್ನ ಎಲೆ ನೋಡೋಕೆ ಕರೆದಿದ್ದು,” ಎಂದ ಭಾನುಪ್ರಕಾಶ್. ಅವನ ಮುಖವೂ ಕೆಂಪಾಗಿತ್ತು. “ಹೊಳೆವ್ವ, ಎತ್ತು ಅಂದ್ನಲ್ಲ!”

ಹೊಳೆವ್ವ ಬಂದು ಕುಂಡವನ್ನು ಎತ್ತಿಕೊಂಡಳು. ಒಂದು ಬಿಳಲೂ ಗೋಡೆಗೆ ತಾಗದಂತೆ ಅಡ್ಡಡ್ಡ ನಡೆದು ಅಂಗಳಕ್ಕೆ ಹೋದಳು. ಕಾರಿನ ಬಾಗಿಲು ತೆರೆದೇ ಇತ್ತು. ಅವಳು ಅದನ್ನು ದಾಟಿ ಹೋಗಿ, ನಂದಿಬಟ್ಟಲ ನೆರಳಲ್ಲಿ ಕುಂಡ ಇಳಿಸಿ, ಪಕ್ಕದ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಳು.

“ಗೋಡಿ ಒಡೀರಿ ಸಾವ್ಕಾರ್ರ. ಆಮ್ಯಾಲ ಒಳಗ ಬರ್ತೀನಿ.”

“ಕೆಲಸ ಬೇಡ್ವೇನೆ ನಿಂಗೆ?”

“ಮುಂಜಾನಿ ಕಸ್ಕೊಂಡ್ರಿ, ಈಗ ಕೊಟ್ರಿ, ಮತ್ತ ಕಸ್ಕೋತೀರಿ. ಅದೇನ್ ಕೆಲಸೇನ್ರಿ, ಹುಡುಗ್ರ ಕೈಯಾನ ಪೆಪ್ಪರಮೆಂಟೇನ್ರಿ?”

ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. ಕೊಕ್ಕೆಗೆ ತುಂಡು ಸಿಕ್ಕಿಸುವ ಹೆಂಗಸರಲ್ಲೊಬ್ಬಳಾದ ಮರೆವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೊರಗೆ ಬಂದಳು. ಅವಳ ಹಿಂದೆ ಇನ್ನೊಬ್ಬಳು. ಆಮೇಲೆ ಬಸಲಿಂಗನೂ ಕೈಗವಸು ಕಳಚಿ ಹೊಸಿಲ ಮೇಲಿಟ್ಟು ಬಂದ. ಯಾರೂ ಘೋಷಣೆ ಕೂಗಲಿಲ್ಲ. ನೆರಳು ಇದ್ದ ಕಡೆ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟು ಕೂತರು.

ಭಾನುಪ್ರಕಾಶ್ ವಾಸ್ತುವಿನವನಿಗೆ ಫೋನು ಹಚ್ಚಿದ. ಅತ್ತಿತ್ತ ಓಡಾಡಿದ. ಸಂಜೆಯೊಳಗೆ ಹೋಗಬೇಕಾದ ಮಾಲಿನ ಪೆಟ್ಟಿಗೆಗಳು ಬಾಗಿಲಲ್ಲೇ ಬಾಯಿ ತೆರೆದು ಬಿದ್ದಿದ್ದವು. ಓಡಾಡುವಾಗೆಲ್ಲ ಅವನ ಕಣ್ಣು ಅವುಗಳ ಮೇಲೆಯೇ. ಕೊನೆಗೆ ಫೋನು ಜೇಬಿಗಿಳಿಸಿ ಬಂದ.

“ಆಯ್ತು, ಒಡೆಸ್ತೀನಿ. ಆದ್ರೆ ಇವತ್ತು ಶುಕ್ರವಾರ, ಈಗ ರಾಹುಕಾಲ. ಮುಗೀಲಿ. ಅಲ್ಲಿತನಕ ಒಳಗೆ ಹೋಗಿ ಕೆಲಸ ಮಾಡಿ.”

“ರಾಹುಕಾಲದಲ್ಲಿ ಗ್ವಾಡೆ ಒಡಿಬಾರ್ದು, ಆಸಿಡ್ ಕುಡೀಬೋದಾ ಸೋಮಿ?”

ಕೇಳಿದವನು ನರಸಿಂಹಯ್ಯ. ಇಷ್ಟು ವರ್ಷ ಅಪ್ಪನಿಗೂ ಮಗನಿಗೂ ಎದುರು ಮಾತಾಡದ ಮನುಷ್ಯ. ಉತ್ತರಕ್ಕೆ ಅವನು ಕಾಯಲಿಲ್ಲ. ಶೆಡ್ಡಿನಿಂದ ದೊಡ್ಡ ಸುತ್ತಿಗೆ ತಂದು ಒಳಗೆ ಹೋದ, ಹಿಂದೆಯೇ ಬಸಲಿಂಗ ಹೋದ. ಮೊದಲ ಏಟಿಗೆ ಸುಣ್ಣ ಉದುರಿತು. ಮತ್ತೆರಡು ಏಟಿಗೆ ಇಟ್ಟಿಗೆ ಹೊರಗಿನ ಚರಂಡಿಗೆ ಬಿದ್ದ ಸದ್ದು ಅಂಗಳಕ್ಕೆ ಕೇಳಿಸಿತು. ಭಾನುಪ್ರಕಾಶ್ ಕಣ್ಣು ಮುಚ್ಚಿ ಏನೋ ಗುನುಗಿಕೊಂಡ.

“ತೆಗೆದಾಯ್ತಲ್ಲ, ಇನ್ನಾದ್ರೂ ಏಳ್ರೀ,” ಎಂದ.

ಎಲ್ಲರೂ ಹೊಳೆವ್ವನತ್ತ ನೋಡಿದರು. ಅವಳು ಏಳಲಿಲ್ಲ.

“ಫ್ಯಾನ್ ಬರ್ಲಿ.”

“ಹಳೇದು ಗುಜರಿಗೆ ಓಯ್ತು,” ಎಂದ ಒಳಗಿನಿಂದ ಬಂದ ನರಸಿಂಹಯ್ಯ, ತಲೆಯ ಮೇಲಿನ ಧೂಳು ಕೊಡವಿಕೊಳ್ಳುತ್ತ. “ಒಸಾದು ಮೇನ್ ರೋಡಲ್ಲೇ ಸಿಗ್ತದೆ.”

ಭಾನುಪ್ರಕಾಶ್ ಕಾರಿನ ಬಾಗಿಲನ್ನು ಧಡಾರನೆ ಎಳೆದುಕೊಂಡು, ಗೇಟಿಗೆ ಹಾರನ್ ಬಾರಿಸಿ ಹೊರಟುಹೋದ.

ಹೊಳೆವ್ವ ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ಕೇಳದೆಯೇ ಅರ್ಧ ರೊಟ್ಟಿ ಮುರಿದು ಮುಚ್ಚಳದಲ್ಲಿಟ್ಟು, ಪಕ್ಕದಲ್ಲಿ ಬಂದು ಕೂತಿದ್ದ ನೀಲಾಂಬಿಕಾರ ಕಡೆ ಸರಿಸಿದಳು. “ಉಣ್ರಿ ಬಾಯಾರ. ಒದರಿ ಒದರಿ ಗಂಟ್ಲಾ ಒಣಗೇತಿ ನಿಮ್ದು.”

ನೀಲಾಂಬಿಕಾರಿಗೆ ಬೆಳಗ್ಗೆಯಿಂದ ಮೊದಲ ಬಾರಿ ನಗು ಬಂತು. ತುತ್ತು ಬಾಯಿಗಿಟ್ಟುಕೊಂಡವರು ಅಗಿಯುವುದನ್ನು ನಿಲ್ಲಿಸಿದರು. ಹೊಳೆವ್ವ ರೊಟ್ಟಿಯನ್ನು ಉಗುರಿನಷ್ಟು ಚೂರು ಮಾಡಿ, ನೀರಲ್ಲಿ ನೆನೆಸಿ, ಒಂದು ಬದಿಯ ದವಡೆಗೆ ತಳ್ಳಿ ಅಗಿಯುತ್ತಿದ್ದಳು. ಮುಂದಿನ ಹಲ್ಲುಗಳು ತುದಿಯಲ್ಲಿ ಸವೆದು ಗಾಜಿನಂತೆ ತೆಳ್ಳಗಾಗಿದ್ದವು.

“ಹಲ್ಲಿಗೆ ಏನಾಗೇತಿ ತಂಗಿ?”

“ಜುಮ್ಮ್ ಅಂತಾವ್ರಿ. ಗೋಡಿ ಕಟ್ಟಿದಾಗಿಂದ. ಮರೆವ್ವಂದೂ ಹಂಗ ಆಗೇತ್ರಿ.” ಮರೆವ್ವ ನಾಚಿಕೊಂಡು ಸೆರಗು ಬಾಯಿಗೆ ಹಿಡಿದಳು.

ಚಿಗುರು ಸವರಿ ನೆರಳಲ್ಲಿಟ್ಟರೆ ಆಲಕ್ಕೆ ಮಳೆಗಾಲದ ಹೊತ್ತಿಗೆ ಹೊಸ ಎಲೆ ಬರುತ್ತದೆ, ಅದು ನೀಲಾಂಬಿಕಾರಿಗೆ ಗೊತ್ತಿತ್ತು. ಆಸಿಡ್ ಹಬೆಗೆ ಸವೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಕಾರು ತಿರುಗಿ ಬಂದು, ಫ್ಯಾನಿನ ಡಬ್ಬ ಹಿಂದಿನ ಸೀಟಿನಲ್ಲಿ ಕಂಡಾಗ ನರಸಿಂಹಯ್ಯ ಅದನ್ನಿಳಿಸಲು ಓಡಿದ. ನೀಲಾಂಬಿಕಾ ಅವನಿಗಿಂತ ಮೊದಲೇ ಹೋಗಿ ಕಾರಿನ ಕಿಟಕಿಯ ಗಾಜನ್ನು ಬೆರಳಿನಿಂದ ಕುಟ್ಟಿದರು.

“ಇಳಿ ಭಾನು. ಈ ಹೆಣ್ಣುಮಕ್ಕಳನ್ನ ಹಲ್ಲಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು. ಈ ಕಾರಲ್ಲೇ.”